ಘಟ್ಟ ಹತ್ತಿಳಿದ ಗಾಳಿಯಲ್ಲಿ ಹಾಯಿದೋಣಿ

ಆಟಿ ತಿಂಗಳಲ್ಲಿ ಮಳೆ ತುಸು ಹೊಳವಾದ ದಿನ ಪುತ್ತೂರು ಬಳಿಯ ಕುಂಬ್ರದ ಯಾವುದಾದರೂ ಅಡಿಕೆ ತೋಟದಲ್ಲಿ ನಿಂತು ತಲೆಯೆತ್ತಿ ನೋಡಿ. ಬುಡದಲ್ಲಿ ಹುಲ್ಲು ಕೂಡ ಅಲುಗುವುದಿಲ್ಲ, ಮೇಲೆ ಮರಗಳ ತಲೆ ಒಂದಕ್ಕೊಂದು ತಾಗುವಂತೆ ತೂಗುತ್ತಿರುತ್ತದೆ. ಕೊಳೆರೋಗಕ್ಕೆ ಮದ್ದು ಬಿಡಲು ಮರ ಹತ್ತುವವರಿಗೆ ಈ ವ್ಯತ್ಯಾಸ ಮೈಗೇ ಗೊತ್ತು. ನೆಲ, ಗಿಡ, ಗುಡ್ಡಗಳಿಗೆ ಉಜ್ಜಿಕೊಂಡು ಹೋಗುವ ಗಾಳಿ ಕೆಳಗೆ ನಿಧಾನವಾಗುತ್ತದೆ, ಎತ್ತರಕ್ಕೆ ಹೋದಂತೆ ಬಿರುಸಾಗುತ್ತದೆ. ಹಾಯಿದೋಣಿಯ ಪಟವನ್ನು ಮೇಲ್ತುದಿಯಲ್ಲಿ ಕೊಂಚ ತಿರುಚಿದಂತೆ ಬಿಟ್ಟಿರುವುದೂ ಇದೇ ಕಾರಣಕ್ಕೆ. ಅದರ ತುದಿಗೆ ಸಿಗುವ ಗಾಳಿಯ ವೇಗ, ದಿಕ್ಕು ಎರಡೂ ಬುಡದ ಗಾಳಿಗಿಂತ ಬೇರೆ.

ಕುಂಬ್ರದಲ್ಲಿ ಹಾಯಿದೋಣಿಯ ಸರೋವರವಿಲ್ಲ. ಆದರೆ ಊರ ನಡುವೆ ಹಾದುಹೋಗುವ ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯ, ಸಂಪಾಜೆ, ಮಡಿಕೇರಿ ದಾಟಿ ಮೈಸೂರಿನ ಕಡೆಗೆ ಹೋದರೆ ಕೃಷ್ಣರಾಜಸಾಗರದ ಹಿನ್ನೀರು ಸಿಗುತ್ತದೆ. ನೇರ ಗೆರೆ ಎಳೆದರೆ ಸುಮಾರು 140 ಕಿಲೋಮೀಟರ್. ಮಳೆಗಾಲದ ಗಾಳಿಯ ದಾರಿಯೂ ಹೆಚ್ಚುಕಡಿಮೆ ಇದೇ. ಪಡುವಣ ಕಡಲಿನಿಂದ ಬಂದ ಗಾಳಿ ಪುತ್ತೂರು, ಸುಳ್ಯದ ಮೇಲೆ ಮಳೆ ಸುರಿಸಿ, ಘಟ್ಟ ಹತ್ತುವಾಗ ಉಳಿದ ನೀರಿನ ಬಹುಪಾಲನ್ನು ಕೊಡಗಿನಲ್ಲಿ ಚೆಲ್ಲುತ್ತದೆ. ಮೈಸೂರಿನ ಬಯಲಿಗೆ ಇಳಿಯುವ ಹೊತ್ತಿಗೆ ಅದರಲ್ಲಿ ಮಳೆ ಕಡಿಮೆ, ಬೀಸು ಮಾತ್ರ ಗಟ್ಟಿ. ನಮ್ಮ ಕಡೆ ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆಯಾದರೆ ಮೈಸೂರಿನಲ್ಲಿ ಎಂಟುನೂರರ ಆಸುಪಾಸು. ಮೋಡದ ನೆರಳು, ತಡೆಯಿಲ್ಲದ ಗಾಳಿ, ತುಂಬುತ್ತಿರುವ ಜಲಾಶಯ: ಹಾಯಿದೋಣಿಯ ಪಂದ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಮ್ಮ ಒಳನಾಡಿನಲ್ಲಿ ಹುಡುಕುವುದು ಕಷ್ಟ.

ಈ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಇದೆ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಸೇಲಿಂಗ್ ಕ್ಲಬ್ಬಿನವರೂ ಇಲ್ಲಿ ಪಟ ಬಿಚ್ಚಿದ್ದಾರೆ. ಸೇನೆಯ ಎಂಜಿನಿಯರುಗಳು 1985–87ರಲ್ಲಿ ಭೂಮಿಯನ್ನು ಸುತ್ತಿಬಂದ ಹಾಯಿನೌಕೆಯ ಹೆಸರೂ ‘ತೃಷ್ಣಾ’.

ಗಾಳಿ ಪಟದ ಮೇಲೆ ಎಷ್ಟು ಬಲ ಹಾಕುತ್ತದೆ? ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ, ಬಲವು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಬ್ಬರೇ ನಡೆಸುವ ಲೇಸರ್ ದೋಣಿಯ ಪಟ ಸುಮಾರು 7 ಚದರ ಮೀಟರ್. ಗಂಟೆಗೆ 18 ಕಿಲೋಮೀಟರ್ ಗಾಳಿಯಲ್ಲಿ ಅದರ ಮೇಲೆ ಬೀಳುವ ಬಲ ಹತ್ತು ಕಿಲೋ ತೂಕದಷ್ಟು. ಗಾಳಿ 36 ಕಿಲೋಮೀಟರಿಗೆ ಏರಿತೆಂದರೆ ಅದು ಇಪ್ಪತ್ತಲ್ಲ, ನಲವತ್ತು ಕಿಲೋ. ದೋಣಿಯ ಒಡಲಿನ ತೂಕವೇ 59 ಕಿಲೋ. ಹಾಗಾಗಿ ಬೀಸುಗಾಳಿಯಲ್ಲಿ ನಾವಿಕ ದೋಣಿಯೊಳಗಿನ ಪಟ್ಟಿಗೆ ಪಾದ ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲೆ ಚಾಚಿ, ತನ್ನ ದೇಹವನ್ನೇ ತಕ್ಕಡಿಯ ಬಟ್ಟಾಗಿಸಬೇಕು.

ತಂಪು ಗಾಳಿಗೆ ಇನ್ನೊಂದು ಗುಣವಿದೆ, ಅದು ಸಾಂದ್ರ. 5 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಶೇಕಡಾ 9ರಷ್ಟು ದಟ್ಟ. ಯುರೋಪಿನ ಚಳಿಗಾಲದ ಸರೋವರಗಳಲ್ಲಿ ಅದೇ ವೇಗದ ಗಾಳಿ ಪಟವನ್ನು ಅಷ್ಟು ಹೆಚ್ಚು ಜೋರಾಗಿ ಎಳೆಯುತ್ತದೆ. ಕೃಷ್ಣರಾಜಸಾಗರದಲ್ಲಿ ಲೆಕ್ಕ ತಿರುಗುಮುರುಗು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿರುವುದರಿಂದ ಇಲ್ಲಿ ಗಾಳಿ ಮಂಗಳೂರಿಗಿಂತ ಶೇಕಡಾ 7ರಷ್ಟು ತೆಳು.

ಗಾಳಿಗೆ ಎದುರಾಗಿ ದೋಣಿ ಸಾಗುವುದು ಹೇಗೆಂಬುದು ಮೊದಲ ಸಲ ನೋಡುವವರಿಗೆ ಒಗಟು. ಪಟ ಬರೀ ತಡೆಗೋಡೆಯಲ್ಲ, ನಿಂತ ರೆಕ್ಕೆ. ಬಾಗಿದ ಪಟ ಗಾಳಿಯ ಹರಿವನ್ನು ತಿರುಗಿಸಿದಾಗ ಅದರ ಮೇಲೆ ಅಡ್ಡಲಾಗಿ, ಕೊಂಚ ಮುಂದಕ್ಕೆ ಬಲ ಹುಟ್ಟುತ್ತದೆ. ದೋಣಿಯ ನಡುವಿನಿಂದ ನೀರಿಗಿಳಿಸಿದ ಹಲಗೆ ಅಡ್ಡ ಜಾರುವುದನ್ನು ತಡೆಯುತ್ತದೆ. ಉಳಿಯುವುದು ಮುನ್ನಡೆ. ಆದರೂ ಗಾಳಿಯ ದಿಕ್ಕಿನಿಂದ ಸುಮಾರು 45 ಡಿಗ್ರಿಯೊಳಗೆ ದೋಣಿ ಹೋಗಲಾರದು. ಅದಕ್ಕೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಂಕುಡೊಂಕಾಗಿ ಏರಬೇಕು.

ಸರೋವರದ ಪಂದ್ಯದ ನಿಜವಾದ ಆಟ ಇರುವುದು ಇಲ್ಲಿ. ತೆರೆದ ಕಡಲಿನ ಗಾಳಿ ಬಹುಮಟ್ಟಿಗೆ ಸ್ಥಿರ, ಸರೋವರದ ಗಾಳಿ ಹಾಗಲ್ಲ. ದಡದ ಮರ, ದಿಬ್ಬಗಳು ಅದನ್ನು ಕಲಕುತ್ತವೆ. ಹಗಲು ನೆಲ ಕಾದಾಗ ಮೇಲಿನ ವೇಗದ ಗಾಳಿ ಉಂಡೆಉಂಡೆಯಾಗಿ ಕೆಳಗಿಳಿಯುತ್ತದೆ, ದಿಕ್ಕು ಅತ್ತಿತ್ತ ತಿರುಗುತ್ತದೆ. ದೋಣಿ 45 ಡಿಗ್ರಿಯಲ್ಲಿ ನೂರು ಮೀಟರ್ ಓಡಿದರೆ ಗುರಿಯತ್ತ ಏರುವುದು 71 ಮೀಟರ್. ಗಾಳಿ 10 ಡಿಗ್ರಿ ಅನುಕೂಲವಾಗಿ ತಿರುಗಿದರೆ ಅದು 82. ಅದೇ ಹೊತ್ತಿಗೆ ಎದುರು ಓರೆಯಲ್ಲಿರುವವನಿಗೆ ದಕ್ಕುವುದು 57 ಮಾತ್ರ. ತೋಳ್ಬಲದಿಂದ ಇಂಥ ಅಂತರವನ್ನು ತುಂಬಲಾಗದು. ಹೀಗಾಗಿ ಅನುಭವಿಯ ಕಣ್ಣು ದೂರದ ನೀರಿನ ಮೇಲಿರುತ್ತದೆ. ಬೀಸು ತಾಗಿದಲ್ಲಿ ಸಣ್ಣ ಸುಕ್ಕುಗಳೆದ್ದು ನೀರು ಕಪ್ಪಾಗುತ್ತದೆ. ಆ ಕಪ್ಪು ತನ್ನನ್ನು ಮುಟ್ಟುವ ಮೊದಲೇ ಹಗ್ಗ ಸಡಿಲಿಸುವುದೋ ತಿರುಗುವುದೋ ತೀರ್ಮಾನವಾಗಿರಬೇಕು.

ಇಬ್ಬರು ನಡೆಸುವ ವೇಗದ ಫಾರ್ಟಿನೈನರ್ ದೋಣಿಯಲ್ಲಂತೂ ಗಾಳಿಯ ಈ ಓದು ಕ್ಷಣಗಳ ಲೆಕ್ಕ. ಹೆದ್ದಾರಿ ಹಾದುಹೋಗುವ ಕೊಡಗಿನ ಕೇಳಪಂಡ ಮನೆತನದ ಹೆಸರು ಹೊತ್ತ ಕೆ.ಸಿ. ಗಣಪತಿ, ವರುಣ್ ಠಕ್ಕರ್ ಜೊತೆಗೂಡಿ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದದ್ದು ಇದೇ ದೋಣಿಯಲ್ಲಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಜೋಡಿ 19 ದೋಣಿಗಳಲ್ಲಿ 17ನೆಯದಾಯಿತು. ಭಾರತದ ಮಟ್ಟಿಗೆ ಆ ಸಾಲಿನಲ್ಲಿ ನಿಂತದ್ದೇ ದೊಡ್ಡದೆಂದು ನನ್ನ ಭಾವನೆ.

ಇನ್ನು ಚಳಿ. 25 ಡಿಗ್ರಿಯ ಮೈಸೂರಿನಲ್ಲಿ ಎಲ್ಲಿಯ ಚಳಿ ಎನ್ನಬೇಡಿ. ಒಂದು ಗ್ರಾಂ ನೀರು ಆರಲು ಸುಮಾರು 580 ಕ್ಯಾಲರಿ ಶಾಖ ಬೇಕು. ತೊಯ್ದ ಅಂಗಿಯಿಂದ 100 ಗ್ರಾಂ ನೀರು ಆರಿತೆಂದರೆ 58 ಕಿಲೋಕ್ಯಾಲರಿ. ಅದಷ್ಟೂ ಮೈಯಿಂದಲೇ ಹೋದರೆ 60 ಕಿಲೋ ತೂಕದ ದೇಹದ ಉಷ್ಣತೆ ಒಂದು ಡಿಗ್ರಿಗೂ ಮಿಕ್ಕಿ ಇಳಿಯಬೇಕು. ಹಾಗಾಗದಂತೆ ಸ್ನಾಯುಗಳು ಶಾಖ ಹುಟ್ಟಿಸುತ್ತವೆ, ನಡುಕವೆಂದರೆ ಅದೇ. ಗಾಳಿ ಜೋರಾದಷ್ಟೂ ಆರುವಿಕೆ ಬೇಗ. ದೋಣಿಯ ಓಟವೂ ಇದಕ್ಕೆ ಸೇರುತ್ತದೆ. ಗಾಳಿ ಗಂಟೆಗೆ 24, ದೋಣಿ 8 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಎದುರುಗಾಳಿಗೆ ಓರೆಯಾಗಿ ಏರುವಾಗ ಮೈಗೂ ಪಟಕ್ಕೂ ತಾಗುವುದು 30 ಕಿಲೋಮೀಟರಿನ ಗಾಳಿ, ಗಾಳಿಯ ಜೊತೆ ಹಿಂದಿರುಗುವಾಗ ಬರೀ 16. ಬಲದಲ್ಲಿ ಮೂರೂವರೆ ಪಟ್ಟು ಅಂತರ. ಒಂದೇ ಪಂದ್ಯದಲ್ಲಿ ಹಲ್ಲು ಕಟಕಟ ಎನ್ನುವ ಏರು, ಹಾಯೆನಿಸುವ ಇಳಿತ.

ಚಳಿಗೆ ದೇಹ ಮೊದಲು ಕೈಬೆರಳಿನ ರಕ್ತನಾಳಗಳನ್ನು ಬಿಗಿಯುತ್ತದೆ. ಬೆರಳು ಮರಗಟ್ಟಿದರೆ ಹಗ್ಗದ ಹಿಡಿತ ತಪ್ಪುತ್ತದೆ, ತೀರ್ಮಾನವೂ ತಡವಾಗುತ್ತದೆ. ಶೀತ ದೇಶಗಳಲ್ಲಿ ಅಪಾಯ ಇನ್ನೂ ದೊಡ್ಡದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುವುದರಿಂದ ತಣ್ಣೀರಿಗೆ ಬಿದ್ದವರ ಒಳಮೈ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯಬಹುದು. ಅದಕ್ಕೂ ಮೊದಲು, ಬಿದ್ದ ಮೊದಲ ನಿಮಿಷದಲ್ಲೇ ತಡೆಯಲಾಗದ ಏದುಸಿರು ಹುಟ್ಟಿ ನೀರು ಒಳಹೋಗುವ ಭಯವಿದೆ. ಈಜು ಬಲ್ಲವರಿಗೂ ಜೀವರಕ್ಷಕ ಜಾಕೆಟ್ ಕಡ್ಡಾಯವಾಗಿರಬೇಕಾದದ್ದು ಇದಕ್ಕೇ. ರಬ್ಬರಿನ ವೆಟ್‌ಸೂಟ್ ನೀರನ್ನು ಪೂರ್ತಿ ಹೊರಗಿಡುವುದಿಲ್ಲ. ಒಳಸೇರಿದ ತೆಳು ಪದರವನ್ನು ಹಿಡಿದಿಟ್ಟು, ಮೈಶಾಖದಿಂದಲೇ ಬೆಚ್ಚಗಾಗಲು ಬಿಡುತ್ತದೆ.

ಲೇಸರಿನಂಥ ಸಣ್ಣ ದೋಣಿ ಮಗುಚಿದರೆ ಪಂದ್ಯ ಮುಗಿಯಿತೆಂದಲ್ಲ. ದೋಣಿಯ ಮೂತಿಯನ್ನು ಗಾಳಿಯತ್ತ ತಿರುಗಿಸಿ, ನೀರಿಂದ ಮೇಲೆದ್ದ ನಡುಹಲಗೆಯ ಮೇಲೆ ನಿಂತು, ಅಂಚು ಹಿಡಿದು ಹಿಂದಕ್ಕೆ ವಾಲಿದರೆ ಪಟ ಮೇಲೇಳುತ್ತದೆ. ಹತ್ತಿ ಕುಳಿತು ಮತ್ತೆ ಹೊರಡಬಹುದು, ನಿಯಮದಲ್ಲಿ ಅದಕ್ಕೆ ದಂಡವಿಲ್ಲ. ಗಾಳಿ ಕೆರಳಿದ ದಿನ ಬಹುಮಾನದ ಪಟ್ಟಿಯಲ್ಲಿ ಇರುವವರಲ್ಲಿ ಹೀಗೆ ಬಿದ್ದೆದ್ದು ಬಂದವರೂ ಇರುತ್ತಾರೆ.