ಕಲ್ಲುಗೋಡೆಯ ಮನೆಯಲ್ಲಿ ನಿಸ್ತಂತು ಜಾಲ: ವೈ-ಫೈ ಅಳವಡಿಸುವ ರೈತರಿಗೆ ಕೆಲವು ಸೂಚನೆಗಳು

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಕೆಲವು ಹಳ್ಳಿಗಳಲ್ಲಿ ಮೊಬೈಲಿನಲ್ಲಿ ನೆಟ್ಟಗೆ ಮಾತನಾಡಬೇಕಾದರೆ ಇಂದಿಗೂ ಮಾಳಿಗೆ ಹತ್ತಬೇಕಾಗುತ್ತದೆ. ಇದಕ್ಕೆ ಟವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಶಹಾಪುರ, ಸುರಪುರಗಳ ಸುತ್ತಲಿನ ಬಂಡೆಗಲ್ಲಿನ ಗುಡ್ಡಗಳು ರೇಡಿಯೋ ತರಂಗಗಳಿಗೆ ಅಡ್ಡ ನಿಲ್ಲುತ್ತವೆ. ಗುಡ್ಡ ದಾಟಿ ಬಂದಷ್ಟನ್ನು ನಮ್ಮ ಮನೆಗಳ ದಪ್ಪ ಗೋಡೆಗಳು ತಡೆಯುತ್ತವೆ. ಹಿಂದೆ ಇದರಿಂದ ಅಷ್ಟೇನೂ ನಷ್ಟವಿರಲಿಲ್ಲ. ಈಗ ಹಾಗಲ್ಲ. ಪಹಣಿ ನೋಡುವುದು, ಬೆಳೆ ಸಮೀಕ್ಷೆಯ ಫೋಟೋ ಕಳಿಸುವುದು, ಪೇಟೆಯ ಧಾರಣೆ ತಿಳಿಯುವುದು, ಮಕ್ಕಳ ಪಾಠ ಎಲ್ಲವೂ ಮೊಬೈಲಿಗೆ ಬಂದಿವೆ. ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ ಬೆಳೆ ಆಲಿಕಲ್ಲಿಗೆ ಸಿಕ್ಕಿ ಹಾಳಾದರೆ 72 ಗಂಟೆಯೊಳಗೆ ತಿಳಿಸತಕ್ಕದ್ದು. ಆ ಮೂರು ದಿನದಲ್ಲಿ ಫೋಟೋ ಹೋಗದೆ ನಿಂತರೆ ಒಂದು ವರ್ಷದ ದುಡಿಮೆಗೆ ಪೆಟ್ಟು ಬೀಳಬಹುದು.

ಮನೆಯಲ್ಲಿ ವೈ-ಫೈ ಅಳವಡಿಸಿಕೊಳ್ಳುವುದು ಇದಕ್ಕೆ ಒಂದು ಪರಿಹಾರ. ಕೆಲಸ ಕಠಿಣವಲ್ಲ. ಆದರೆ ಪಟ್ಟಣದ ತೆಳು ಇಟ್ಟಿಗೆ ಗೋಡೆಯ ಮನೆಗೆ ಹೇಳಿದ ಉಪಾಯ ನಮ್ಮ ಮನೆಗೆ ಹೊಂದುವುದಿಲ್ಲ.

ಕಾಲುವೆಯ ಹೋಲಿಕೆ

ಬಸವಸಾಗರದ ನೀರು ನಾರಾಯಣಪುರ ಎಡದಂಡೆ ಕಾಲುವೆಗೆ ಬಂದು, ಅಲ್ಲಿಂದ ವಿತರಣಾ ಕಾಲುವೆಗೆ, ಕೊನೆಗೆ ಹೊಲಗಾಲುವೆಗೆ ಇಳಿಯುವುದನ್ನು ತಾವು ಬಲ್ಲಿರಿ. ಅಂತರಜಾಲವೂ ಹಾಗೆಯೇ. ದೂರದಿಂದ ಬರುವ ಕೇಬಲ್ಲು ವಿತರಣಾ ಕಾಲುವೆಯಾದರೆ, ಮನೆಯಲ್ಲಿಡುವ ರೂಟರ್ ಎಂಬ ಪೆಟ್ಟಿಗೆ ಹೊಲಗಾಲುವೆಯ ತೂಬು. ಬಂದದ್ದನ್ನು ಅದು ತಂತಿಯಿಲ್ಲದೆ ರೇಡಿಯೋ ತರಂಗಗಳ ಮೂಲಕ ಮೊಬೈಲು, ಗಣಕಯಂತ್ರ, ಟಿ.ವಿ.ಗಳಿಗೆ ಹಂಚುತ್ತದೆ. ಮೇಲಿನಿಂದ ಬರುವುದೇ ಕಡಿಮೆಯಿದ್ದರೆ ಎಷ್ಟು ದೊಡ್ಡ ರೂಟರ್ ತಂದರೂ ಹೆಚ್ಚು ಸಿಗದು. ತೂಬಿನ ಬಳಿ ಕುಳಿತವರು ಇಡೀ ದಿನ ಸಿನಿಮಾ ನೋಡಿದರೆ ಕೊನೆಯ ಕೋಣೆಯವರ ಗತಿ ಕಾಲುವೆಯ ಕೊನೆ ಭಾಗದ ರೈತರ ಗತಿಯೇ.

ಆದ್ದರಿಂದ ಮೊದಲು ಮನೆಯ ತನಕ ಏನು ಬರುತ್ತದೆಂದು ವಿಚಾರಿಸಿರಿ. ಗ್ರಾಮ ಪಂಚಾಯತಿಗಳಿಗೆ ಫೈಬರ್ ಕೇಬಲ್ ಒಯ್ಯುವ ಯೋಜನೆಗೆ ಕೇಂದ್ರ ಸರಕಾರ 2011ರಲ್ಲಿ ಒಪ್ಪಿಗೆ ನೀಡಿತು; ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಪಂಚಾಯತಿ ಕಚೇರಿಯಲ್ಲಿ ಸಂಪರ್ಕ ನಡೆಯುತ್ತಿದೆಯೇ, ಅಲ್ಲಿಂದ ಮನೆಗಳಿಗೆ ಕೊಡುವವರಿದ್ದಾರೆಯೇ ಎಂದು ಕೇಳಿರಿ. ಫೈಬರ್ ಸಿಗುವಲ್ಲಿ ಅದನ್ನೇ ಹಾಕಿಸುವುದು ಉತ್ತಮ. ಸಿಗದಿದ್ದಲ್ಲಿ ಸಿಮ್ ಹಾಕುವ 4ಜಿ ರೂಟರ್ ಬಳಸಬೇಕಾಗುತ್ತದೆ. ಕೊಳ್ಳುವ ಮೊದಲು ಬೇರೆ ಬೇರೆ ಕಂಪನಿಯ ಸಿಮ್ ಇರುವ ಮೊಬೈಲುಗಳನ್ನು ಮಾಳಿಗೆಯ ನಾಲ್ಕೂ ಮೂಲೆಗೆ ಒಯ್ದು, ಬೆಳಿಗ್ಗೆ ಒಮ್ಮೆ, ಸಂಜೆ ಎಂಟರ ಸುಮಾರಿಗೆ ಇನ್ನೊಮ್ಮೆ ವೇಗ ನೋಡಿರಿ. ಸಂಜೆಯ ಅಂಕಿಯೇ ನಂಬಬೇಕಾದ ಅಂಕಿ.

ವೇಗವನ್ನು ಮೆಗಾಬಿಟ್‌ಗಳಲ್ಲಿ ಮಾರುತ್ತಾರೆ, ಫೋಟೋದ ಗಾತ್ರವನ್ನು ಮೆಗಾಬೈಟ್‌ಗಳಲ್ಲಿ ತೋರಿಸುತ್ತಾರೆ. 8 ಬಿಟ್ ಸೇರಿ 1 ಬೈಟ್. 4 ಮೆಗಾಬೈಟಿನ ಒಂದು ಫೋಟೋ ಎಂದರೆ 32 ಮೆಗಾಬಿಟ್; ಕಳಿಸುವ ವೇಗ ಸೆಕೆಂಡಿಗೆ 1 ಮೆಗಾಬಿಟ್ ಇದ್ದರೆ ಅದೊಂದಕ್ಕೇ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕು. ಮಾರುವವರು ಬರುವ ವೇಗವನ್ನು ದೊಡ್ಡದಾಗಿ ಹೇಳುತ್ತಾರೆ. ಕಳಿಸುವ ವೇಗವನ್ನು ತಾವೇ ಕೇಳಿ ತಿಳಿಯಬೇಕು.

ಕೇಬಲ್ಲಿನ ಜೋಪಾನ

ಫೈಬರ್ ಎಂದರೆ ಕೂದಲೆಳೆಯಂಥ ಗಾಜಿನ ದಾರ. ಅದರೊಳಗೆ ಹರಿಯುವುದು ಕರೆಂಟಲ್ಲ, ಬೆಳಕು. ಬಳೆಗಿಂತ ಚಿಕ್ಕ ಸುರುಳಿಯಾಗಿ ಸುತ್ತಿದರೆ ಬೆಳಕು ಸೋರಿಹೋಗುತ್ತದೆ, ಎಳೆ ಮುರಿಯಲೂಬಹುದು. ಹೆಚ್ಚಾದ ಕೇಬಲ್ಲನ್ನು ಮೊಳೆಗೆ ಬಿಗಿದು ಕಟ್ಟದೆ ಸಡಿಲ ಸುರುಳಿ ಮಾಡಿ ತೂಗುಹಾಕಿರಿ. ಬಣವೆಯ ಮೇಲೆ, ಟ್ರ್ಯಾಕ್ಟರ್ ಮತ್ತು ಭತ್ತ ಕೊಯ್ಯುವ ಯಂತ್ರ ತಿರುಗುವ ದಾರಿಯಲ್ಲಿ ತಗ್ಗಾಗಿ ಬಿಡಬೇಡಿರಿ. ಕಣಜದ ಕೋಣೆಯೊಳಗಿಂದ ಎಳೆಯುವುದಾದರೆ ಇಲಿ ಕಡಿಯದಂತೆ ಪಿ.ವಿ.ಸಿ. ಕೊಳವೆ ಹಾಕಿಸಿರಿ. ಪೆಟ್ಟಿಗೆಯ ಮೇಲೆ ಎಲ್‌.ಓ.ಎಸ್‌. ಎಂದು ಬರೆದಿರುವ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲವೆಂದು ಅರ್ಥ; ರೂಟರನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಸರಿಹೋಗದು, ಲೈನಿನವರನ್ನೇ ಕರೆಸಬೇಕು. ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಆ ಬೆಳಕು ಕಾಣಿಸುವುದಿಲ್ಲ, ಕಣ್ಣಿಗೆ ಹಾನಿಕರ.

ರೂಟರ್ ಎಲ್ಲಿಡಬೇಕು?

ಅರ್ಧಕ್ಕರ್ಧ ತೊಂದರೆ ಹುಟ್ಟುವುದು ಇಲ್ಲಿಯೇ. ಕೇಬಲ್ಲು ಬಾಗಿಲಿಗೆ ಬಂದಿತೆಂದು ಬಾಗಿಲ ಮಗ್ಗುಲಿನ ಗೋಡೆಯ ಗೂಡಿನಲ್ಲಿ ಪೆಟ್ಟಿಗೆಯಿಟ್ಟು ಕೈತೊಳೆದುಕೊಳ್ಳುತ್ತಾರೆ. ದೀಪವಿಡಲು ಗೂಡು ಒಳ್ಳೆಯದು. ವೈ-ಫೈಗೆ ಮೂರು ಕಡೆ ಕಲ್ಲು ಸುತ್ತುವರಿದ ಸೆರೆಮನೆ.

ಸಾಮಾನ್ಯ ರೂಟರುಗಳು ಎರಡು ಬಗೆಯ ತರಂಗ ಬಿಡುತ್ತವೆ. 2.4 ಗಿಗಾಹರ್ಟ್ಸ್‌ನ ತರಂಗ ಸುಮಾರು 12 ಸೆಂಟಿಮೀಟರ್ ಉದ್ದ. 5 ಗಿಗಾಹರ್ಟ್ಸ್‌ನದು ಅದರ ಅರ್ಧ. ಮೊದಲನೆಯದು ಗೋಡೆಯನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ, ಎರಡನೆಯದು ವೇಗವುಳ್ಳದ್ದು ಆದರೆ ಗೋಡೆಗೆ ಬೇಗ ಸೋಲುತ್ತದೆ. ಒಂದೂವರೆ-ಎರಡು ಅಡಿ ದಪ್ಪದ ಕಲ್ಲುಗೋಡೆ ಒಂದನ್ನು ದಾಟುವಷ್ಟರಲ್ಲಿಯೇ ಎರಡೂ ಬಳಲುತ್ತವೆ. ಹಸಿ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ನುಂಗುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಿಗುತ್ತಿದ್ದ ವೈ-ಫೈ ಶ್ರಾವಣದ ಜಡಿಮಳೆಯಲ್ಲಿ ಸಿಗದಿದ್ದರೆ ರೂಟರ್ ಕೆಟ್ಟಿತೆಂದು ತಿಳಿಯಬೇಡಿರಿ. ತಗಡು, ಕಬ್ಬಿಣದ ಕಪಾಟು, ಕಾಳಿನ ಪೀಪಾಯಿ, ನೀರು ತುಂಬಿದ ಡ್ರಮ್ಮು ಇವು ತರಂಗವನ್ನು ದಾಟಗೊಡುವುದಿಲ್ಲ.

ಕಟ್ಟಿಗೆಯ ಬಾಗಿಲನ್ನು ತರಂಗ ಸುಲಭವಾಗಿ ದಾಟುತ್ತದೆ. ಆದ್ದರಿಂದ ಹೆಚ್ಚು ಕೋಣೆಗಳ ಬಾಗಿಲು ತೆರೆದುಕೊಳ್ಳುವ ಪಡಸಾಲೆಯ ನಡುಭಾಗ ರೂಟರಿಗೆ ಯೋಗ್ಯ ಸ್ಥಳ. ನೆಲದಿಂದ 5–6 ಅಡಿ ಎತ್ತರದಲ್ಲಿ, ಗೋಡೆಗೆ ಹತ್ತದಂತೆ ಕಟ್ಟಿಗೆಯ ಹಲಗೆಯ ಮೇಲಿಡಿರಿ. ಕೇಬಲ್ಲು ಹತ್ತು ಮಾರು ಹೆಚ್ಚು ಹಿಡಿದರೂ ಚಿಂತೆಯಿಲ್ಲ, ಆ ಖರ್ಚು ಒಂದೇ ಸಲದ್ದು. ಮೊಳೆ ಹೊಡೆಯುವ ಮೊದಲು ಎರಡು ದಿನ ಸ್ಟೂಲಿನ ಮೇಲಿಟ್ಟು ಕೋಣೆ ಕೋಣೆಗೆ ಮೊಬೈಲ್ ಒಯ್ದು ಪರೀಕ್ಷಿಸುವುದು ಮೇಲು.

ಬಿಸಿಲಿನ ಮಾತನ್ನೂ ಹೇಳಬೇಕು. ಮನೆಬಳಕೆಯ ರೂಟರುಗಳನ್ನು ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ತನಕದ ಉಷ್ಣಕ್ಕೆ ತಯಾರಿಸಿರುತ್ತಾರೆ. ನಮ್ಮ ಭಾಗದ ಮೇ ತಿಂಗಳಲ್ಲಿ ನೆರಳಿನಲ್ಲಿಯೇ ಅದನ್ನು ಮೀರುತ್ತದೆ, ತಗಡಿನ ಸೂರಿನ ಕೆಳಗಂತೂ ಕೇಳುವುದೇ ಬೇಡ. ಮಧ್ಯಾಹ್ನ ಮಾತ್ರ ಜಾಲ ನಿಂತು ಸಂಜೆ ತಾನೇ ಸರಿಹೋದರೆ ಪೆಟ್ಟಿಗೆ ಕಾಯ್ದಿದೆಯೆಂದು ಊಹಿಸಬಹುದು. ಅದರ ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿರಿ.

ಒಂದೇ ರೂಟರ್ ಸಾಲದ ದೊಡ್ಡ ಮನೆಗೆ ಅಂಗಡಿಯವರು ಎಕ್ಸ್‌ಟೆಂಡರ್ ಕೊಡುತ್ತಾರೆ. ಸಾದಾ ಎಕ್ಸ್‌ಟೆಂಡರ್ ಒಂದೇ ತರಂಗದಲ್ಲಿ ಕೇಳಿಸಿಕೊಂಡು ಅದರಲ್ಲಿಯೇ ತಿರುಗಿ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಅದಕ್ಕಿಂತ ಮೊದಲ ರೂಟರಿನಿಂದ ಎರಡನೆಯದಕ್ಕೆ ಕೇಬಲ್ಲು ಎಳೆಯುವುದೇ ಸರಿಯಾದ ಕ್ರಮ. ಆಗ ಎರಡನೆಯ ರೂಟರಿನ ವಿಳಾಸ ಹಂಚುವ ಕೆಲಸವನ್ನು, ಅಂದರೆ ಡಿ.ಎಚ್‌.ಸಿ.ಪಿ.ಯನ್ನು, ನಿಲ್ಲಿಸತಕ್ಕದ್ದು. ಒಂದೇ ಕಾಲುವೆಗೆ ಇಬ್ಬರು ನೀರಗಂಟಿಗಳು ಬೇರೆ ಬೇರೆ ಪಾಳಿ ಬರೆದರೆ ಆಗುವ ಜಗಳ ಇಲ್ಲಿಯೂ ಆಗುತ್ತದೆ.

ಮನೆಯೊಳಗೆ ಟವರಿನ ಸಿಗ್ನಲ್ ಇಲ್ಲದಿದ್ದರೂ ಈಗಿನ ಅನೇಕ ಮೊಬೈಲುಗಳಲ್ಲಿ ವೈ-ಫೈ ಮೂಲಕ ಸಾಮಾನ್ಯ ಕರೆ ಮಾಡಬಹುದು. ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ಕಾಲಿಂಗ್ ಎಂಬುದನ್ನು ಹುಡುಕಿ ತೆರೆದಿಡಿರಿ. ಮನೆಯಲ್ಲಿ ವಯಸ್ಸಾದವರಿದ್ದರೆ ಇದೊಂದೇ ಅನುಕೂಲ ಸಾಕು.

ಕರೆಂಟು ಹೋದಾಗ

ರೂಟರ್ ತಿನ್ನುವ ಕರೆಂಟು ಅತ್ಯಲ್ಪ. 10 ವ್ಯಾಟ್‌ನದು ಹಗಲಿರುಳು ನಡೆದರೂ ತಿಂಗಳಿಗೆ 7 ಯೂನಿಟ್ಟಿನ ಸುಮಾರು. ಕರೆಂಟು ಹೋದಾಗ ಉಪಯೋಗಿಸಲು ರೂಟರಿಗೆಂದೇ ಸಿಗುವ ಚಿಕ್ಕ ಯು.ಪಿ.ಎಸ್. ಕೊಳ್ಳಬಹುದು. ಕೊಳ್ಳುವಾಗ ರೂಟರಿನ ಅಡಾಪ್ಟರಿನ ಮೇಲೆ 12 ವೋಲ್ಟ್ ಎಂದಿದೆಯೋ 9 ಎಂದಿದೆಯೋ ನೋಡಿ, ಅದಕ್ಕೆ ಹೊಂದುವುದನ್ನೇ ಆರಿಸಿರಿ. ಔಷಧ ಸಿಂಪಡಿಸುವ ಪಂಪಿನ 12 ವೋಲ್ಟಿನ ಬ್ಯಾಟರಿಯನ್ನು ನೇರವಾಗಿ ಜೋಡಿಸುವ ಜಾಣರೂ ಇದ್ದಾರೆ. 8 ಆಂಪಿಯರ್-ಅವರ್‌ನ ಬ್ಯಾಟರಿಯಲ್ಲಿ ಲೆಕ್ಕಕ್ಕೆ 9 ಗಂಟೆಯಷ್ಟು ಕಸುವಿದೆ, ನಿಜ. ಆದರೆ ಚಾರ್ಜಾಗುವಾಗ ಅದು 14 ವೋಲ್ಟ್ ದಾಟುತ್ತದೆ; ಧನ-ಋಣ ಅದಲುಬದಲಾದರೆ ರೂಟರ್ ಅಲ್ಲಿಗೇ ಸುಟ್ಟಿತು. ನಡುವೆ ವೋಲ್ಟೇಜನ್ನು ಸ್ಥಿರವಾಗಿಡುವ ಬಿಲ್ಲೆಯೊಂದನ್ನು ರೇಡಿಯೋ ರಿಪೇರಿಯವರಿಂದ ಹಾಕಿಸದೆ ಈ ಕೆಲಸಕ್ಕೆ ಕೈಹಾಕಬಾರದು.

ಬೀಗ ಮತ್ತು ಬೀಗದ ಕೈ

ನಿಮ್ಮ ವೈ-ಫೈ ನಿಮ್ಮ ಗೋಡೆಗೆ ನಿಲ್ಲುವುದಿಲ್ಲ, ಬೀದಿಗೂ ಹೋಗುತ್ತದೆ. ಅದನ್ನು ಬಳಸಿ ಯಾರೋ ಅಪರಿಚಿತರು ಮೋಸದ ಕೆಲಸ ಮಾಡಿದರೆ ಪೊಲೀಸರು ಮೊದಲು ಕೇಳುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರನ್ನು. ಬೆಳೆ ಮಾರಿದ ಹಣ ಮೊಬೈಲಿನೊಳಗೇ ಬಂದು ಹೋಗುವ ಕಾಲವಿದು.

ರೂಟರಿಗೆ ಎರಡು ಬೀಗಗಳುಂಟು. ಒಂದು ವೈ-ಫೈಗೆ ಸೇರುವ ಪಾಸ್‌ವರ್ಡ್. ಇನ್ನೊಂದು ರೂಟರಿನ ಒಳಗಿನ ಏರ್ಪಾಡುಗಳನ್ನು ಬದಲಿಸುವ ಪಾಸ್‌ವರ್ಡ್. ಇದನ್ನು ಬಹಳ ಜನ ಮುಟ್ಟುವುದೇ ಇಲ್ಲ. ಪೆಟ್ಟಿಗೆಯ ತಳದ ಚೀಟಿಯಲ್ಲಿ 192.168.1.1 ಎಂಬಂಥ ವಿಳಾಸವಿರುತ್ತದೆ. ವೈ-ಫೈಗೆ ಸೇರಿದ ಮೊಬೈಲಿನ ಬ್ರೌಸರಿನಲ್ಲಿ ಅದನ್ನು ಬರೆದರೆ ಒಳಗೆ ಹೋಗಬಹುದು. ಎರಡನ್ನೂ ಬದಲಿಸಿರಿ. ಸುರಕ್ಷತೆಯ ಬಗೆಯನ್ನು ಡಬ್ಲ್ಯು.ಪಿ.ಎ.-2 ಇಲ್ಲವೆ ಡಬ್ಲ್ಯು.ಪಿ.ಎ.-3 ಎಂದಿಡಿರಿ, ಗುಂಡಿ ಒತ್ತಿ ಸೇರಿಸುವ ಡಬ್ಲ್ಯು.ಪಿ.ಎಸ್. ಸೌಲಭ್ಯವನ್ನು ಮುಚ್ಚಿರಿ. ಪಾಸ್‌ವರ್ಡ್ 12 ಅಕ್ಷರಕ್ಕೆ ಕಡಿಮೆಯಿರಬಾರದು. ಮೊಬೈಲ್ ನಂಬರು, ಟ್ರ್ಯಾಕ್ಟರ್ ನಂಬರು, ಮಗನ ಹೆಸರು ಊರಿಗೆಲ್ಲ ಗೊತ್ತಿರುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಕೂಡಿಸಿದರೆ ನೆನಪಿಗೂ ಸುಲಭ, ಊಹಿಸಲೂ ಕಷ್ಟ.

ಬಂದ ಬೀಗರಿಗೆ, ನೆರೆಯ ಹುಡುಗರಿಗೆ ಇಲ್ಲವೆನ್ನುವುದು ಹಳ್ಳಿಯಲ್ಲಿ ಸಾಧ್ಯವಿಲ್ಲ. ಅದಕ್ಕಾಗಿ ಅತಿಥಿ ಜಾಲ ಎಂಬ ಎರಡನೆಯ ಹೆಸರು ತೆರೆಯುವ ಅನುಕೂಲ ಅನೇಕ ರೂಟರುಗಳಲ್ಲಿದೆ. ಅದರ ಪಾಸ್‌ವರ್ಡನ್ನು ಕೊಟ್ಟು, ಜಾತ್ರೆ ಮುಗಿದ ಮೇಲೆ ಬದಲಿಸಿದರಾಯಿತು. ಇಷ್ಟಾಗಿಯೂ ಮೊಬೈಲಿನಿಂದ ಹಣ ಕಳುವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಮೊದಲ ಕೆಲವು ಗಂಟೆಗಳಲ್ಲಿಯೇ ಹಣ ತಡೆಯುವ ಸಂಭವ ಹೆಚ್ಚು.

ಹೊಲದ ಮನೆಗೆ ಒಯ್ಯುವುದಾದರೆ

ಪಂಪಸೆಟ್ಟು ಹಚ್ಚಿ ಆರಿಸುವುದೊಂದೇ ಉದ್ದೇಶವಾಗಿದ್ದರೆ ವೈ-ಫೈ ಬೇಕಿಲ್ಲ, ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಸಾಕು. ಕ್ಯಾಮೆರಾ ಇಡಬೇಕು, ಅಲ್ಲಿಯೇ ವಾಸವಿದ್ದೇವೆ ಎನ್ನುವವರು ಮುಖಾಮುಖಿ ನಿಲ್ಲಿಸುವ ಎರಡು ಹೊರಾಂಗಣ ವೈ-ಫೈ ಪೆಟ್ಟಿಗೆಗಳನ್ನು ಕೊಳ್ಳಬಹುದು. ತಾಮ್ರದ ನೆಟ್‌ವರ್ಕ್ ಕೇಬಲ್ಲು 100 ಮೀಟರಿನಾಚೆ ಕೆಲಸ ಮಾಡುವುದಿಲ್ಲ.

ಈ ಪೆಟ್ಟಿಗೆಗಳು ಒಂದಕ್ಕೊಂದು ಕಾಣಿಸಬೇಕು. ಬರೀ ಕಂಡರೂ ಸಾಲದು. ನೋಟದ ಗೆರೆಯ ಸುತ್ತಲೂ ಬಯಲಿರಬೇಕು. 300 ಮೀಟರ್ ದೂರಕ್ಕೆ 5.8 ಗಿಗಾಹರ್ಟ್ಸ್ ಬಳಸುವಾಗ ನಡುಮಧ್ಯದಲ್ಲಿ ಗೆರೆಯ ಕೆಳಗೆ 4 ಅಡಿ ಖಾಲಿ ಬೇಕಾಗುತ್ತದೆ. ಜೂನಿನಲ್ಲಿ ಬಿತ್ತಿದ ಹೊಲ ಬಯಲಾಗಿರುತ್ತದೆ, ಆಗ ಎಲ್ಲವೂ ಸರಿ. ನವೆಂಬರಿನಲ್ಲಿ ತೊಗರಿ ಆಳೆತ್ತರ ಬೆಳೆದು ಹೂವಾಡುವಾಗ ಜಾಲ ತುಂಡಾಗತೊಡಗುತ್ತದೆ, ಏಕೆಂದರೆ ಹಸಿರೆಲೆಯಲ್ಲಿ ತುಂಬಿರುವುದು ನೀರು. 6 ಅಡಿ ತೊಗರಿ, ಅದರ ಮೇಲೆ 4 ಅಡಿ ಬಯಲು ಸೇರಿ 10 ಅಡಿ. ಆದ್ದರಿಂದ ಎರಡೂ ಕಡೆ 12 ಅಡಿಯ ಕಂಬ ನೆಡುವುದು ಯೋಗ್ಯ. ನಡುವೆ ಬೇವಿನ ಮರವಿದ್ದರೆ ಕಂಬವನ್ನೇ ಸರಿಸಿರಿ, ಮರ ಕಡಿಯುವಷ್ಟು ಬೆಲೆ ವೈ-ಫೈಗಿಲ್ಲ.

ಕಂಬಕ್ಕೆ ಅರ್ಥಿಂಗ್ ತಪ್ಪಿಸಬಾರದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಬಿದ್ದ ಸಿಡಿಲು ತಾಮ್ರದ ತಂತಿ ಹಿಡಿದು ಮನೆಯೊಳಗಿನ ರೂಟರಿನ ತನಕ ಬರಬಲ್ಲದು. ಫೈಬರ್ ಗಾಜಾದ್ದರಿಂದ ಅದರೊಳಗೆ ಕರೆಂಟು ಹರಿಯದು. ಆದರೆ ಕೆಲವು ಕೇಬಲ್ಲುಗಳಲ್ಲಿ ಗಾಜಿನ ಜೊತೆ ಉಕ್ಕಿನ ತಂತಿಯನ್ನೂ ಹಾಕಿರುತ್ತಾರೆ, ರೂಟರಿನ ಪ್ಲಗ್ಗು ಹೇಗೂ ಕರೆಂಟಿನದೇ. ಮೋಡ ಕವಿದು ದೂರದಲ್ಲಿ ಗುಡುಗು ಕೇಳಿದೊಡನೆ ಸ್ವಿಚ್ಚು ಆರಿಸಿ ಬಿಡದೆ, ಅಡಾಪ್ಟರನ್ನೂ ಕಂಬದಿಂದ ಬಂದ ತಾಮ್ರದ ಕೇಬಲ್ಲನ್ನೂ ಕಿತ್ತು ಬೇರೆಯಾಗಿಡಿರಿ. ಸಿಡಿಲು ನೆತ್ತಿಯ ಮೇಲೆ ಬಂದ ಮೇಲೆ ಅವನ್ನು ಮುಟ್ಟಲು ಹೋಗಬೇಡಿರಿ.