ಗ್ರಂಥಸೂಚಿಯ ಅಕ್ಷರಶುದ್ಧಿ

ಓಲೆಗರಿಯ ಪ್ರತಿಗಳನ್ನು ಶೋಧಿಸಿದವರಿಗೆ ಲಿಪಿಕಾರನ ಸ್ಖಾಲಿತ್ಯಗಳು ಹೊಸ ಸಂಗತಿಯಲ್ಲ. ಒತ್ತಕ್ಷರವೊಂದು ಜಾರಿರುತ್ತದೆ, ಒಂದೇ ಪದ ಎರಡು ಸಲ ಬಂದಿರುತ್ತದೆ, ಪದಗಳ ನಡುವೆ ಅಂತರವೇ ಇರುವುದಿಲ್ಲ, ಎಕಾರ ಏಕಾರಗಳ ಹ್ರಸ್ವದೀರ್ಘಭೇದ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೂ ಈ ದೋಷಗಳಿಗೆ ಒಂದು ಎಲ್ಲೆಯುಂಟು. ಒಬ್ಬ ಲಿಪಿಕಾರ ತಪ್ಪಿದ ಕಡೆ ಇನ್ನೊಬ್ಬ ತಪ್ಪಿರುವುದಿಲ್ಲ. ಒಂದು ಕಟ್ಟಿನಲ್ಲಿ ಹೋದದ್ದು ಮತ್ತೊಂದು ಕಟ್ಟಿನಲ್ಲಿ ಉಳಿದಿರುತ್ತದೆ. ಪಾಠಾಂತರಗಳನ್ನು ಹೋಲಿಸುವ ಶಾಸ್ತ್ರವೆಲ್ಲ ನಿಂತಿರುವುದು ಈ ಭರವಸೆಯ ಮೇಲೆಯೇ.

ಗ್ರಂಥಭಂಡಾರದ ಸೂಚಿ ಗಣಕಯಂತ್ರಕ್ಕೆ ಸೇರಿದ ಮೇಲೆ ಈ ಎಲ್ಲೆ ಅಳಿದುಹೋಗುತ್ತದೆ. ಸೂಚಿಯ ಸಾವಿರಾರು ದಾಖಲೆಗಳನ್ನು ಒಂದೇ ಸಲಕ್ಕೆ ಓದಿ, ತಿದ್ದಿ, ಮರಳಿ ಬರೆಯುವ ಕಿರಿಯ ಕ್ರಮವಿಧಿಗಳಿವೆ. ಅಂಥದೊಂದು ಕ್ರಮವಿಧಿ ಅಕ್ಷರವನ್ನು ತಪ್ಪಾಗಿ ಗ್ರಹಿಸಿತೆಂದರೆ ಅದೇ ಸ್ಖಾಲಿತ್ಯ ಎಲ್ಲ ದಾಖಲೆಗಳಲ್ಲಿಯೂ ಏಕಕಾಲಕ್ಕೆ ಮೂಡುತ್ತದೆ. ಹೋಲಿಸಿ ನೋಡಲು ಬೇರೊಂದು ಪ್ರತಿ ಇರುವುದಿಲ್ಲ. ಆದುದರಿಂದ ಇದನ್ನು ಕೇವಲ ಯಂತ್ರಜ್ಞರ ವಿಷಯವೆಂದು ಸಾಹಿತ್ಯದ ವಿದ್ಯಾರ್ಥಿಗಳು ದೂರವಿಡುವಂತಿಲ್ಲ.

ಸೂಚಿವಿವರವೆಂದರೆ ಗ್ರಂಥವಲ್ಲ, ಗ್ರಂಥದ ಗುರುತು: ಕೃತಿಯ ಹೆಸರು, ಕರ್ತೃ, ವಿಷಯ, ಕಾಲ, ಭಾಷೆ ಮೊದಲಾದವು. ಇವುಗಳಿಗೆ ಒಂದು ಸಾಮಾನ್ಯ ಚೌಕಟ್ಟನ್ನು ಹಾಕುವ ಪ್ರಯತ್ನ 1995ರಲ್ಲಿ ಅಮೆರಿಕದ ಓಹಾಯೋ ಪ್ರಾಂತದ ಡಬ್ಲಿನ್ ಪಟ್ಟಣದಲ್ಲಿ ನಡೆದ ಸಭೆಯಲ್ಲಿ ಆರಂಭವಾಯಿತು. ಅದರ ಫಲವಾದ ಹದಿನೈದು ಅಂಶಗಳ ಪಟ್ಟಿಗೆ ಡಬ್ಲಿನ್ ಕೋರ್ ಎಂದೇ ಹೆಸರು. 2002ರಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯೂ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯೂ ಕೂಡಿ ಹೊರತಂದ ಡಿ-ಸ್ಪೇಸ್ ಎಂಬ ಭಂಡಾರವ್ಯವಸ್ಥೆ ಈ ಪಟ್ಟಿಯನ್ನೇ ಅನುಸರಿಸಿತು. ಅದರಲ್ಲಿ ದಾಖಲೆಗಳನ್ನೆಲ್ಲ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಒಂದು ಕೋಷ್ಟಕವಾಗಿ ಹೊರತೆಗೆದು, ತಿದ್ದಿ, ಮತ್ತೆ ಒಳಸೇರಿಸಬಹುದು. ಅಪಾಯವಿರುವುದು ಈ ಹೊರಗೆ ತೆಗೆಯುವ ಮತ್ತು ಒಳಗೆ ಸೇರಿಸುವ ಹೊಸ್ತಿಲಿನಲ್ಲಿ.

ಗಣಕವು ಅಕ್ಷರವನ್ನು ಅರಿಯದು; ಅದು ಅರಿತಿರುವುದು ಅಂಕಿಯನ್ನು ಮಾತ್ರ. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 3200ರಿಂದ 3327ರವರೆಗಿನ 128 ಮನೆಗಳು ಕನ್ನಡದವು; ಕಕಾರದ ಅಂಕಿ 3221. ಈ ಅಂಕಿಯನ್ನು ಕಡತದಲ್ಲಿ ಬರೆದಿಡುವ ಕ್ರಮ ಇನ್ನೊಂದುಂಟು. ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ಎಂಬವರು 1992ರಲ್ಲಿ ರೂಪಿಸಿದ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಕಕಾರವು 224, 178, 149 ಎಂಬ ಮೂರು ಬೈಟುಗಳಾಗಿ ಕುಳಿತುಕೊಳ್ಳುತ್ತದೆ. ‘ಬಸವಣ್ಣ’ ಎಂಬ ಹೆಸರು ಓದುಗನಿಗೆ ನಾಲ್ಕು ಅಕ್ಷರ. ಯೂನಿಕೋಡಿಗೆ ಆರು ಸಂಕೇತ, ಏಕೆಂದರೆ ಣಕಾರ, ಹಲಂತಚಿಹ್ನೆ, ಮತ್ತೆ ಣಕಾರ ಬೇರೆಬೇರೆ. ಕಡತಕ್ಕೆ ಹದಿನೆಂಟು ಬೈಟು. ಹೆಸರಿಗೆ ಇಷ್ಟೇ ಬೈಟು ಎಂದು ಮಿತಿ ಹಾಕಿದ ಕ್ರಮವಿಧಿಯು ಅಕ್ಷರದ ನಡುವೆಯೇ ಕತ್ತರಿ ಆಡಿಸುವುದು ಈ ಮೂರು ಲೆಕ್ಕಗಳನ್ನು ಒಂದೆಂದು ಭಾವಿಸಿದ್ದರಿಂದ.

ಯೂನಿಕೋಡ್ ರೂಢಿಗೆ ಬರುವ ಮೊದಲು, ಬಂದ ಮೇಲೂ ಬಹುಕಾಲ, ಕನ್ನಡದ ಕೆಲಸ ನಡೆದದ್ದು ಅಕ್ಷರಶೈಲಿಯನ್ನೇ ನಂಬಿದ ಬೇರೊಂದು ಉಪಾಯದಿಂದ. ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಕಡತಗಳಲ್ಲಿ ಇರುವುದು ವಾಸ್ತವವಾಗಿ ರೋಮನ್ ಅಕ್ಷರಗಳ ಅಂಕಿಗಳು. ಅವುಗಳಿಗೆ ಕನ್ನಡದ ತುಣುಕುಗಳ ವೇಷ ತೊಡಿಸಲಾಗಿದೆ. ಆ ಉಪಾಯವನ್ನು ಇಂದು ಹೀಗಳೆಯುವುದು ಸರಿಯಲ್ಲ. ಕನ್ನಡದ ಅಸಂಖ್ಯ ಪುಟಗಳು ಅಚ್ಚಾದದ್ದು ಅದರಿಂದಲೇ. ಆದರೆ ಅಂಥ ಕಡತದಿಂದ ಸೂಚಿಯನ್ನು ಯೂನಿಕೋಡಿಗೆ ತರುವಾಗ ತುಣುಕಿಗೆ ತುಣುಕನ್ನು ಬದಲಿಸಿದರೆ ಸಾಲದು. ‘ಧರ್ಮ’ ಎಂಬಲ್ಲಿ ಹಳೆಯ ಕಡತವು ಕೈಬರಹದಂತೆ ಧಕಾರ, ಮಕಾರ, ಆಮೇಲೆ ಅರ್ಕಾವತ್ತು ಎಂದು ಬರೆದಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರವು ಮಕಾರಕ್ಕೆ ಮೊದಲು ಬರಬೇಕು. ನುಡಿಯ ಹಳೆಯ ವಿನ್ಯಾಸದಲ್ಲಿ ವಕಾರದ ತುಣುಕುಗಳಿಂದಲೇ ಮಕಾರವೂ ಆರಂಭವಾಗುತ್ತದೆ. ಪರಿವರ್ತಕವು ಉದ್ದವಾದ ಜೋಡಣೆಯನ್ನು ಮೊದಲು ಹುಡುಕದೆ ವಕಾರವನ್ನು ಮೊದಲು ಬದಲಿಸಿದರೆ ಮಕಾರವಿರುವ ಹೆಸರುಗಳೆಲ್ಲ ವಿರೂಪವಾಗುತ್ತವೆ.

ಇದಕ್ಕಿಂತ ಘೋರವಾದ ಹಾನಿ ಯೂನಿಕೋಡಿನಲ್ಲಿಯೇ ಇರುವ ಶುದ್ಧ ಕಡತಕ್ಕೆ ಒದಗುವುದುಂಟು. ಕಡತವನ್ನು ತೆರೆಯುವ ಕ್ರಮವಿಧಿಗೆ ಅದು ಯುಟಿಎಫ್-8 ಎಂದು ತಿಳಿಸದಿದ್ದರೆ, ವಿಂಡೋಸ್ ವ್ಯವಸ್ಥೆಯ ಅನೇಕ ಗಣಕಗಳು ಅದನ್ನು ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಏರ್ಪಟ್ಟ 1252ನೆಯ ಸಂಕೇತಪಟ್ಟಿಯಂತೆ ಓದಿಬಿಡುತ್ತವೆ. ಆಗ ಒಂದೊಂದು ಬೈಟೂ ಒಂದೊಂದು ಅಕ್ಷರವಾಗುತ್ತದೆ. ಕಕಾರವಿದ್ದ ಕಡೆ ಫ್ರೆಂಚರ ಒಂದು ಸ್ವರ, ಮೇಲಕ್ಕೇರಿಸಿದ ಎರಡರ ಅಂಕಿ, ಒಂದು ದಪ್ಪ ಬೊಟ್ಟು ಹೀಗೆ ಮೂರು ಚಿಹ್ನೆಗಳು ನಿಲ್ಲುತ್ತವೆ. ಅದನ್ನೇ ಮತ್ತೆ ಯುಟಿಎಫ್-8 ಆಗಿ ಉಳಿಸಿದರೆ ಮೂರು ಬೈಟುಗಳಿದ್ದದ್ದು ಏಳಾಗುತ್ತದೆ. ನೋಡಲು ಅಸಹ್ಯವಾದರೂ ಇದು ಇನ್ನೂ ನಾಶವಲ್ಲ. ಬಂದ ದಾರಿಯಲ್ಲಿಯೇ ಹಿಂದಿರುಗಿದರೆ ಕಕಾರ ಮರಳಿ ದೊರೆಯುತ್ತದೆ.

ಎಲ್ಲ ಅಕ್ಷರಗಳಿಗೂ ಈ ಭಾಗ್ಯವಿಲ್ಲ. ಆ 1252ನೆಯ ಪಟ್ಟಿಯಲ್ಲಿ 129, 141, 143, 144, 157 ಎಂಬ ಐದು ಮನೆಗಳು ಖಾಲಿ. ಕನ್ನಡದ ಉಕಾರಚಿಹ್ನೆಯ ಮೂರನೆಯ ಬೈಟು 129, ಹಲಂತಚಿಹ್ನೆಯದು 141, ಏ, ಐ, ಝ ಎಂಬ ಅಕ್ಷರಗಳಿಗೆ ಕ್ರಮವಾಗಿ 143, 144, 157. ಅಂದರೆ ಕನ್ನಡದ ಒತ್ತಕ್ಷರಗಳನ್ನೆಲ್ಲ ಕಟ್ಟಿಹಿಡಿಯುವ ಹಲಂತಚಿಹ್ನೆಯೇ, ಅದರೊಡನೆ ಉಕಾರವೂ, ಖಾಲಿ ಮನೆಗೆ ಬಂದು ಬೀಳುತ್ತವೆ. ಪೈಥಾನ್ ಮುಂತಾದ ಭಾಷೆಗಳ ಕ್ರಮವಿಧಿ ಇಲ್ಲಿ ದೋಷವಿದೆಯೆಂದು ಕೂಗಿ ನಿಲ್ಲುತ್ತದೆ. ಅದರ ಕೂಗನ್ನು ಅಡಗಿಸಲು, ಓದಲಾಗದ ಬೈಟುಗಳನ್ನು ಬಿಟ್ಟು ಮುಂದೆ ಸಾಗೆಂದು ಆತುರಗಾರನು ಆಜ್ಞೆ ಕೊಟ್ಟರೆ, ಆ ಬೈಟು ಅಲ್ಲಿಗೇ ಅಳಿಯಿತು. ‘ಅಲ್ಲಮಪ್ರಭು’ ಎಂಬಲ್ಲಿರುವ ಹತ್ತು ಸಂಕೇತಗಳಲ್ಲಿ ಎರಡು ಹಲಂತ, ಒಂದು ಉಕಾರ. ಮೂರಕ್ಕೂ ಉಳಿಯುವುದು 224, 179 ಎಂಬ ಎರಡು ಬೈಟುಗಳ ಒಂದೇ ಬಗೆಯ ಮೋಟು. ಯಾವುದು ಹಲಂತವಿದ್ದುದು, ಯಾವುದು ಉಕಾರವಿದ್ದುದು ಎಂದು ಯಂತ್ರ ಹೇಳಲಾರದು. ಪ್ರಸಿದ್ಧ ಹೆಸರನ್ನು ಓದುಗನು ಊಹಿಸಿಕೊಂಡಾನು. ಒಂದೇ ಕಟ್ಟಿನಲ್ಲಿ ಮಾತ್ರ ಹೆಸರುಳಿದಿರುವ ಅಪ್ರಸಿದ್ಧ ಕವಿಯನ್ನು ಊಹಿಸುವವರಾರು?

ಕನ್ನಡವನ್ನರಿಯದ ಸಂಕೇತಕ್ಕೆ ಬಲವಂತವಾಗಿ ಬರೆಯಿಸಿದಾಗ ಆಗುವ ಕೇಡು ಇನ್ನೂ ಸಂಪೂರ್ಣವಾದುದು. ಅಲ್ಲಿ ಪ್ರತಿಯೊಂದು ಸಂಕೇತವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ‘ಬಸವಣ್ಣ’ ಎಂಬುದಕ್ಕೂ ಆರು ಪ್ರಶ್ನೆಗಳು, ‘ವೀರಶೈವ’ ಎಂಬುದಕ್ಕೂ ಆರು ಪ್ರಶ್ನೆಗಳು. ಇದರಿಂದ ಹಿಂದಿರುಗುವ ದಾರಿಯೇ ಇಲ್ಲ.

‘ವೀರಶೈವ’ ಎಂಬ ಪದ ಮತ್ತೊಂದು ಸೂಕ್ಷ್ಮಕ್ಕೂ ಒಳ್ಳೆಯ ನಿದರ್ಶನ. ಅದರ ಈಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಇಕಾರಚಿಹ್ನೆಯ ಮುಂದೆ ದೀರ್ಘಚಿಹ್ನೆಯನ್ನಿಟ್ಟು ಎರಡಾಗಿಯೂ ಬರೆಯಬಹುದು. ಐಕಾರಕ್ಕೂ ಹೀಗೆಯೇ ಎರಡು ರೂಪ. ಹೀಗಾಗಿ ಆ ಪದಕ್ಕೆ ಒಂದು ಕಡತದಲ್ಲಿ ಆರು ಸಂಕೇತಗಳು, ಇನ್ನೊಂದರಲ್ಲಿ ಎಂಟು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ಒಂದನ್ನು ಹುಡುಕಿದವನಿಗೆ ಇನ್ನೊಂದು ಸಿಗದಿರುವ ಸಂಭವವುಂಟು, ಸೂಚಿಯಲ್ಲಿ ಒಂದೇ ವಿಷಯ ಎರಡು ಶೀರ್ಷಿಕೆಗಳಾಗಿ ಒಡೆದು ಕಾಣಲೂಬಹುದು. ಯೂನಿಕೋಡ್ ಇದಕ್ಕೆ ಏಕರೂಪಗೊಳಿಸುವ ವಿಧಿಯನ್ನು ನಿಶ್ಚಯಿಸಿದೆ; ಸಂಯುಕ್ತರೂಪವನ್ನು ಆರಿಸಿಕೊಂಡು, ಒಳಸೇರಿಸುವ ಮೊದಲು ಎಲ್ಲ ದಾಖಲೆಗಳಿಗೂ ಅನ್ವಯಿಸಿದರೆ ತೊಡಕು ತೀರುತ್ತದೆ. ಆದರೆ ‘ಚನ್ನಬಸವಣ್ಣ’, ‘ಚೆನ್ನಬಸವಣ್ಣ’ ಎಂಬ ಭೇದ ಈ ಜಾತಿಯದಲ್ಲ. ಅದು ಪಾಠದ ಪ್ರಶ್ನೆ. ಪ್ರತಿಯಲ್ಲಿರುವುದನ್ನು ಪ್ರತಿಯಲ್ಲಿರುವಂತೆಯೇ ಉಳಿಸಿ, ಅಧಿಕೃತ ನಾಮರೂಪವನ್ನು ಬೇರೆ ಅಂಶದಲ್ಲಿ ಕೊಡುವುದು ಗ್ರಂಥಪಾಲನ ಕ್ರಮ. ಎರಡನ್ನೂ ಒಂದೇ ಕ್ರಮವಿಧಿಯಿಂದ ಸರಿಪಡಿಸಹೊರಡುವುದು ಅವಿವೇಕ.

ಹಳಗನ್ನಡದ ಅಭ್ಯಾಸಿಗಳು ಗಮನಿಸಬೇಕಾದ ಮಾತೂ ಒಂದಿದೆ. ಱಕಾರಕ್ಕೂ ೞಕಾರಕ್ಕೂ ಯೂನಿಕೋಡಿನಲ್ಲಿ ಸ್ಥಾನವುಂಟು. ೞಕಾರಕ್ಕೆ ಮೊದಲು ‘ಫ’ ಎಂಬ ಉಚ್ಚಾರದ ತಪ್ಪು ಹೆಸರು ಬಿದ್ದುಹೋಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ ಆ ಹೆಸರು ಇಂದಿಗೂ ಉಳಿದು, ಸರಿಯಾದ ಹೆಸರು ಪರ್ಯಾಯವಾಗಿ ಸೇರಿದೆ. ಹೆಸರನ್ನು ಕಂಡು ಇದು ಬೇಡದ ಅಕ್ಷರವೆಂದು ಅಳಿಸುವ ಕ್ರಮವಿಧಿ ಪದದ ಪ್ರಾಚೀನತೆಯ ಸಾಕ್ಷ್ಯವನ್ನೇ ಅಳಿಸುತ್ತದೆ. ಅಂಕಿಯ ಅನುಕ್ರಮದಲ್ಲಿ ಪಟ್ಟಿ ಮಾಡಿದರೆ ಳಕಾರವು ವಕಾರಕ್ಕೆ ಮೊದಲೇ ಬಂದುಬಿಡುವುದೂ ಅಕಾರಾದಿ ಬಲ್ಲವರಿಗೆ ಕೂಡಲೇ ಕಾಣುವ ದೋಷ. ಅದಕ್ಕೆ ಕನ್ನಡದ ವರ್ಣಕ್ರಮವನ್ನು ಬೇರೆಯಾಗಿ ತಿಳಿಸಬೇಕಾಗುತ್ತದೆ. 8204, 8205 ಎಂಬ ಅಂಕಿಗಳ ಎರಡು ಅದೃಶ್ಯ ಚಿಹ್ನೆಗಳು ಒತ್ತು ಕೂಡಬೇಕೇ ಬಿಡಬೇಕೇ ಎಂಬುದನ್ನು ನಿರ್ಣಯಿಸುತ್ತವೆ. ಅವನ್ನು ಕಸವೆಂದು ಗುಡಿಸಬಾರದು, ಹುಡುಕಾಟದಲ್ಲಿ ಮಾತ್ರ ಗಣನೆಗೆ ತೆಗೆದುಕೊಳ್ಳದಿದ್ದರೆ ಸಾಕು. ಓಲೆಕಟ್ಟು ನಂದಿನಾಗರಿಯಲ್ಲಿದ್ದರೆ ಎಚ್ಚರ ಇನ್ನೂ ಹೆಚ್ಚಾಗಬೇಕು. 2019ರಲ್ಲಿ ಯೂನಿಕೋಡಿಗೆ ಸೇರಿದ ಆ ಲಿಪಿಯ ಸಂಕೇತಗಳಿಗೆ ನಾಲ್ಕು ನಾಲ್ಕು ಬೈಟುಗಳು ಬೇಕು; ಮೂರೇ ಬೈಟುಗಳಿಗೆ ಅಣಿಯಾದ ಹಳೆಯ ದತ್ತಸಂಗ್ರಹ ಅವನ್ನು ಹಿಡಿಸಿಕೊಳ್ಳಲಾರದು.

ಕ್ರಮವಿಧಿಯ ರಚನೆಯಲ್ಲಿ ಪಾಲಿಸಬೇಕಾದ ನಡೆ ಕಠಿನವಾದುದೇನೂ ಅಲ್ಲ. ಕಡತವನ್ನು ತೆರೆಯುವಾಗಲೂ ಬರೆಯುವಾಗಲೂ ಸಂಕೇತಕ್ರಮವನ್ನು ಹೆಸರಿಸಿಯೇ ಹೇಳಬೇಕು, ಯಂತ್ರದ ಊಹೆಗೆ ಬಿಡಬಾರದು. ಬೈಟುಗಳನ್ನು ಹೊಸ್ತಿಲಲ್ಲಿಯೇ ಪಠ್ಯವಾಗಿಸಿ, ಒಳಗಿನ ಕೆಲಸವನ್ನೆಲ್ಲ ಪಠ್ಯದಲ್ಲಿ ನಡೆಸಿ, ಹೊರಹೋಗುವಾಗ ಮಾತ್ರ ಮತ್ತೆ ಬೈಟಾಗಿಸಬೇಕು. ಪೈಥಾನಿನ ಎರಡನೆಯ ಆವೃತ್ತಿ ಇವೆರಡನ್ನೂ ಬೆರೆಸಲು ಬಿಡುತ್ತಿದ್ದುದರಿಂದ, ಇಂಗ್ಲಿಷ್ ದಾಖಲೆಗಳಲ್ಲಿ ಸುಗಮವಾಗಿ ನಡೆದ ಕ್ರಮವಿಧಿ ಮೊದಲ ಕನ್ನಡ ಹೆಸರಿನಲ್ಲಿ ಮುಗ್ಗರಿಸುತ್ತಿತ್ತು. 2008ರಲ್ಲಿ ಬಂದ ಮೂರನೆಯ ಆವೃತ್ತಿ ಅವನ್ನು ಕಟ್ಟುನಿಟ್ಟಾಗಿ ಬೇರ್ಪಡಿಸಿತು. ಕೋಷ್ಟಕ ತಂತ್ರಾಂಶಗಳು ಕಡತದ ಮೊದಲಿಗೆ 239, 187, 191 ಎಂಬ ಮೂರು ಬೈಟುಗಳ ಗುರುತನ್ನು ಅಂಟಿಸುವುದುಂಟು. ಅದನ್ನು ತೆಗೆಯದಿದ್ದರೆ ಮೊದಲ ಅಂಕಣದ ಹೆಸರನ್ನು ಕ್ರಮವಿಧಿ ಗುರುತಿಸುವುದಿಲ್ಲ. ಸಾಮಾನ್ಯವಾಗಿ ಅದು ದಾಖಲೆಯ ಕ್ರಮಸಂಖ್ಯೆಯ ಅಂಕಣವೇ ಆಗಿರುತ್ತದೆ.

ಇನ್ನು ತಿದ್ದುಪಡಿಯನ್ನು ಒಳಸೇರಿಸುವ ಮೊದಲು ಹಳೆಯ ಕೋಷ್ಟಕವನ್ನು ಮುಟ್ಟದೆ ಬೇರೆಡೆ ಇರಿಸಿ, ಹೊಸದರೊಡನೆ ಸಾಲುಸಾಲಾಗಿ ಹೋಲಿಸಬೇಕು. ಎಷ್ಟು ದಾಖಲೆಗಳು ಬದಲಾದವು, ಬದಲಾಗಬಾರದವು ಬದಲಾದವೇ, ಪ್ರಶ್ನಾರ್ಥಕ ಚಿಹ್ನೆಗಳ ಸಂಖ್ಯೆ ಏರಿತೇ ಎಂಬುದನ್ನು ಯಂತ್ರವೇ ಎಣಿಸಿಕೊಡುತ್ತದೆ. ಹಲಂತ ಮತ್ತು ಉಕಾರಗಳ ಒಟ್ಟು ಲೆಕ್ಕ ಮೊದಲಿದ್ದಷ್ಟೇ ಇದೆಯೇ ಎಂದು ನೋಡುವುದು ಕನ್ನಡಕ್ಕೆ ವಿಶೇಷವಾಗಿ ಒಪ್ಪುವ ಪರೀಕ್ಷೆ. ಆ ಕೋಷ್ಟಕವನ್ನು ಇರಿಸಿಕೊಳ್ಳದೆ ಕೆಟ್ಟ ದಾಖಲೆಗಳನ್ನು ಉಳಿಸಿಬಿಟ್ಟಿದ್ದರೆ ಮಾಡಬಹುದಾದದ್ದು ಒಂದೇ: ದಾಖಲೆಯಲ್ಲಿರುವ ಕಟ್ಟಿನ ಸಂಖ್ಯೆಯನ್ನು ಹಿಡಿದು ಭಂಡಾರಕ್ಕೆ ಹೋಗಿ, ಓಲೆಯನ್ನು ಬಿಚ್ಚಿ, ಹೆಸರನ್ನು ಮತ್ತೆ ಓದಿ ಬರೆದುಕೊಳ್ಳುವುದು. ಅದೃಷ್ಟವಶಾತ್ ಕಟ್ಟಿನ ಸಂಖ್ಯೆಗಳು ಬರಿಯ ಅಂಕಿಗಳಾಗಿರುವುದರಿಂದ ಇಂಥ ಅಪಘಾತಗಳಲ್ಲಿ ಅವು ಕೆಡುವುದಿಲ್ಲ.