ಡಿಸ್ಕಿನಲ್ಲಿ ಇದ್ದೂ ಕಾಣದ ಜಾಗ

ಕೆಲವು ವರ್ಷಗಳ ಕೆಳಗೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಸಂಜೆ ಕೋಪದಿಂದಲೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಅಂಗಡಿಯ ರಸೀದಿ. "ನೋಡಿ ಸ್ವಾಮಿ, 3 ಟೆರಾಬೈಟಿನ ಹಾರ್ಡ್ ಡಿಸ್ಕು ಎಂದು ಹಣ ಎಣಿಸಿಕೊಂಡ. ತಂದು ಕಂಪ್ಯೂಟರಿಗೆ ಹಾಕಿಸಿದರೆ 746 ಗಿಗಾಬೈಟು ಎನ್ನುತ್ತದೆ. ಮುಕ್ಕಾಲು ಪಾಲು ನುಂಗಿಬಿಟ್ಟಿದ್ದಾನೆ!"

ಅವರ ಸಂಕಟಕ್ಕೆ ಕಾರಣವಿತ್ತು. ತೀರಿಹೋದ ತಾಯಿಯವರು ಹಾಡಿದ್ದ ಹಸೆಯ ಹಾಡು, ಬೀಸುವ ಪದಗಳು ನಲವತ್ತು ಕ್ಯಾಸೆಟ್ಟುಗಳಲ್ಲಿದ್ದವು. ಮದುವೆ ಮುಂಜಿಗಳ ವಿಡಿಯೋ ಬೇರೆ. ಎಲ್ಲವನ್ನೂ ಒಂದೇ ಡಿಸ್ಕಿಗೆ ತುಂಬಿ, ಬೂಷ್ಟು ಹಿಡಿಯುತ್ತಿದ್ದ ಕ್ಯಾಸೆಟ್ಟುಗಳನ್ನು ಎಸೆದುಬಿಡಬೇಕೆಂಬುದು ಅವರ ಯೋಚನೆ.

ಅಂಗಡಿಯವನು ಮೋಸ ಮಾಡಿರಲಿಲ್ಲ. ಡಿಸ್ಕಿನಲ್ಲಿ ಜಾಗ ಪೂರ್ತಿಯಾಗಿಯೇ ಇತ್ತು. ಅದನ್ನು ಎಣಿಸುವ ಶಕ್ತಿ ಮಾತ್ರ ಅವರ ಹಳೆಯ ಕಂಪ್ಯೂಟರಿಗೆ ಇರಲಿಲ್ಲ.

ಇದು ಹೇಗೆಂದು ನೋಡೋಣ. ಡಿಸ್ಕೆಂಬುದು ಚಿಕ್ಕ ಚಿಕ್ಕ ಕೋಣೆಗಳ ದೊಡ್ಡದೊಂದು ಊರು. ಕೋಣೆಗೆ ಸೆಕ್ಟರೆಂದು ಹೆಸರು. ಒಂದೊಂದರಲ್ಲಿ 512 ಬೈಟು ಹಿಡಿಯುತ್ತದೆಂದು ಬಹುಕಾಲದ ಲೆಕ್ಕ. ಪ್ರತಿ ಕೋಣೆಗೂ ಒಂದು ನಂಬರು. ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಏನನ್ನು ಇಡಬೇಕಾದರೂ, ತೆಗೆಯಬೇಕಾದರೂ ಈ ನಂಬರನ್ನೇ ಹೇಳಬೇಕು. ನಂಬರು ಬರೆಯಲು ಎಷ್ಟು ಮನೆಗಳಿವೆಯೋ ಅಷ್ಟು ಕೋಣೆಗಳು ಮಾತ್ರ ಅದರ ಪಾಲಿಗೆ ಉಂಟು. ಮೇಷ್ಟ್ರ ಕಂಪ್ಯೂಟರಿನಲ್ಲಿ ಇದ್ದದ್ದು 32 ಮನೆ; ಒಂದೊಂದರಲ್ಲಿ ಸೊನ್ನೆ ಅಥವಾ ಒಂದು. ಹೀಗೆ ಬರೆಯಬಹುದಾದ ನಂಬರುಗಳು 429 ಕೋಟಿ 49 ಲಕ್ಷ 67 ಸಾವಿರದ 296. ಇದನ್ನು 512ರಿಂದ ಗುಣಿಸಿದರೆ ಸುಮಾರು 2.2 ಟೆರಾಬೈಟು. ಕಂಪ್ಯೂಟರಿನ ಎಣಿಕೆಯಲ್ಲಿ ಇದು 2,048 ಗಿಗಾಬೈಟು.

ಹಾಗಾದರೆ 746 ಎಲ್ಲಿಂದ ಬಂತು? ಚಕ್ರ ತಿರುಗುವ ಹಳೆಯ ವಿದ್ಯುತ್ ಮೀಟರನ್ನು ನೆನೆಯಿರಿ. ನಾಲ್ಕೇ ಅಂಕಿಯ ಮೀಟರು 9999 ಆದ ಮೇಲೆ ಮತ್ತೆ 0000ಕ್ಕೆ ಬರುತ್ತದೆ. 10,746 ಯೂನಿಟ್ಟು ಉರಿಸಿದವನ ಮನೆಯಲ್ಲಿ ಅದು 746 ಎಂದೇ ತೋರಿಸೀತು. ಇಲ್ಲಿಯೂ ಅದೇ ಕಥೆ. ಮೇಷ್ಟ್ರ ಡಿಸ್ಕಿನ ನಿಜವಾದ ಅಳತೆ 2,794 ಗಿಗಾಬೈಟು. ಮೇಲಿನ 2,048 ಮನೆಯಿಲ್ಲದೆ ಉದುರಿಹೋಗಿ, ಉಳಿಕೆಯಾದ 746ನ್ನೇ ಕಂಪ್ಯೂಟರು ಪೂರ್ತಿ ಲೆಕ್ಕವೆಂದು ನಂಬಿಕೊಂಡಿತ್ತು. ಇನ್ನೂ ಕೆಲವು ಕಂಪ್ಯೂಟರುಗಳು ಇದಕ್ಕಿಂತ ಪ್ರಾಮಾಣಿಕ: ಮೊದಲ 2,048ನ್ನು ಬಳಸಲು ಕೊಟ್ಟು, ಉಳಿದ 746ನ್ನು "ಯಾರಿಗೂ ಹಂಚದ ಜಾಗ" ಎಂದು ಪಕ್ಕಕ್ಕೆ ಬರೆದಿಡುತ್ತವೆ.

ಈ 32 ಮನೆಗಳನ್ನು ಗೊತ್ತುಮಾಡಿದವರನ್ನು ಜಿಪುಣರೆನ್ನಲಾಗದು. 1983ರಲ್ಲಿ ಐ.ಬಿ.ಎಂ. ಕಂಪನಿಯ ಪಿ.ಸಿ. ಎಕ್ಸ್‌ಟಿ ಎಂಬ ಯಂತ್ರ ಹೊರಬಂದಾಗ ಅದರ ಡಿಸ್ಕು 10 ಮೆಗಾಬೈಟಿನದು. ಡಿಸ್ಕನ್ನು ಪಾಲುಮಾಡಿದ ವಿವರ ಬರೆದಿಡುವ ಪಟ್ಟಿಯೊಂದನ್ನು ಆಗ ಡಿಸ್ಕಿನ ಮೊದಲ ಕೋಣೆಯಲ್ಲೇ ಇಟ್ಟರು. ನಾಲ್ಕು ಪಾಲಿಗೆ ತಲಾ 16 ಬೈಟು, ಒಟ್ಟು 64 ಬೈಟಿನ ಪಟ್ಟಿ. ಇದನ್ನೊಳಗೊಂಡ ಆ ಕೋಣೆಯೇ ಎಂ.ಬಿ.ಆರ್. ಎಂದು ಹೆಸರಾದದ್ದು. ಇದ್ದ ಡಿಸ್ಕಿಗಿಂತ 2 ಲಕ್ಷ ಪಾಲಿಗೂ ಮಿಗಿಲಾದ ಅವಕಾಶ ಕೊಟ್ಟಿದ್ದರು, ಪಾಪ! 2010ರಲ್ಲಿ 3 ಟೆರಾಬೈಟಿನ ಡಿಸ್ಕುಗಳು ಮಾರುಕಟ್ಟೆಗೆ ಬರುವ ತನಕ, ಎಂದರೆ 27 ವರ್ಷ, ಆ ಪಟ್ಟಿ ಸಾಕಾಯಿತು. ಅದಕ್ಕೂ ಮೊದಲು ಬೇರೆ ಬೇರೆ ಕಾರಣಗಳಿಂದ 528 ಮೆಗಾಬೈಟು, 8.4 ಗಿಗಾಬೈಟು, 137 ಗಿಗಾಬೈಟುಗಳ ಬಳಿ ಇಂತಹವೇ ಗೋಡೆಗಳು ಎದ್ದು ಬಿದ್ದಿದ್ದವು.

ಜಾಗ ಕಾಣದಿದ್ದರೆ ಹಣ ದಂಡ, ಅಷ್ಟೆ. ಅದಕ್ಕಿಂತ ಕೆಟ್ಟದ್ದೊಂದುಂಟು. ಅದನ್ನು ನಾನು 137ರ ಗೋಡೆಯ ಬಳಿ ಕಲಿತೆ. 2003ರಲ್ಲಿ 160 ಗಿಗಾಬೈಟಿನ ಡಿಸ್ಕೊಂದನ್ನು ಗೆಳೆಯರ ಹೊಸ ಕಂಪ್ಯೂಟರಿನಲ್ಲಿ ಸಿದ್ಧಮಾಡಿಸಿ ತಂದು ನನ್ನ ಹಳೆಯದಕ್ಕೆ ಜೋಡಿಸಿಕೊಂಡೆ. ಪಟ್ಟಿಯಲ್ಲಿ 160 ಎಂದು ಬರೆದಿದ್ದರಿಂದ ಅದೂ ಅಷ್ಟೇ ತೋರಿಸಿತು. ಆದರೆ ಅದರ ನಂಬರಿಗೆ ಇದ್ದದ್ದು 28 ಮನೆ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. 137 ದಾಟಿದ ದಿನ, ಕೊನೆಯಲ್ಲಿ ಬರೆಯಬೇಕಾದದ್ದನ್ನು ಅದು ಮೀಟರಿನಂತೆ ಸುತ್ತಿಬಂದು ಡಿಸ್ಕಿನ ಮೊದಲ ಕೋಣೆಗಳ ಮೇಲೆ ಬರೆಯಿತು. ಯಾವ ಕಡತ ಎಲ್ಲಿದೆಯೆಂಬ ಸೂಚಿ ಇದ್ದದ್ದೇ ಅಲ್ಲಿ. ಒಂದು ಎಚ್ಚರಿಕೆಯ ಮಾತಿಲ್ಲ, ಸದ್ದಿಲ್ಲ. ತಂಗಿಯ ಮದುವೆಯ ಚಿತ್ರಗಳು ಹೋದವು. ಬೇರೆ ಪ್ರತಿ ಇರಲಿಲ್ಲ. ಆಕೆ ಇಂದಿಗೂ ಆ ಮಾತೆತ್ತುತ್ತಾಳೆ.

ಆದ್ದರಿಂದ ಹೊಸ ಡಿಸ್ಕು ತಂದವರು ಮೊದಲು ಕಂಪ್ಯೂಟರು ತೋರಿಸುವ ಅಂಕಿಯನ್ನು ನೋಡತಕ್ಕದ್ದು. ವಿಂಡೋಸ್ ಇರುವಲ್ಲಿ 1 ಟೆರಾಬೈಟಿನದು 931 ಗಿಗಾಬೈಟಿನ ಸುಮಾರಿಗೂ, 3ರದು 2,794ರ ಸುಮಾರಿಗೂ, 4ರದು 3,726ರ ಸುಮಾರಿಗೂ ಬಂದರೆ ಸರಿ. 2,048ಕ್ಕೆ ನಿಂತರೆ ಪಟ್ಟಿ ಹಳೆಯದು. ಅದಕ್ಕೆ ಬದಲಾಗಿ ಬಂದಿರುವುದು ಜಿ.ಪಿ.ಟಿ. ಎಂಬ ಹೊಸ ಪಟ್ಟಿ. ಅದರ ನಂಬರಿಗೆ 64 ಮನೆ. ಡಿಸ್ಕನ್ನು ಮೊದಲ ಸಲ ಸಿದ್ಧಗೊಳಿಸುವಾಗ ಇದನ್ನು ಆರಿಸಬೇಕು. ತುಂಬಿದ ಮೇಲೆ ಬದಲಾಯಿಸ ಹೊರಟರೆ ಒಳಗಿರುವುದಕ್ಕೆ ಅಪಾಯ. ಸಾಮಾನ್ಯವಾಗಿ ಮನೆಗಳಲ್ಲಿದ್ದ 32 ಬಿಟ್ಟಿನ ವಿಂಡೋಸ್ ಎಕ್ಸ್‌ಪಿಗೆ ಈ ಪಟ್ಟಿ ಓದಲು ಬಾರದು. 746ರಂತಹ ವಿಚಿತ್ರ ಅಂಕಿ ಕಂಡರಂತೂ ದೋಷ ಪಟ್ಟಿಯದಲ್ಲ. ಡಿಸ್ಕಿನೊಡನೆ ಮಾತಾಡುವ ತಂತ್ರಾಂಶವೋ, ಹೊರಗಿನಿಂದ ಜೋಡಿಸುವ ಪೆಟ್ಟಿಗೆಯೋ ಹಳೆಯದೆಂದು ತಿಳಿದು, ಏನನ್ನೂ ತುಂಬದೆ ಬಿಚ್ಚಿಡಬೇಕು.

ಮೇಷ್ಟ್ರ ಡಿಸ್ಕನ್ನು ಅವರ ಮಗನ ಹೊಸ ಕಂಪ್ಯೂಟರಿಗೆ ಹಾಕಿದೆವು. 2,794 ಎಂದಿತು. "ಇನ್ನೂ 206 ಎಲ್ಲಿ?" ಎಂದರು, ಲೆಕ್ಕದ ಮೇಷ್ಟ್ರಲ್ಲವೆ! ಡಿಸ್ಕು ಮಾಡುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸು 1,024ರ ಲೆಕ್ಕದಲ್ಲಿ ಅಳೆಯುತ್ತದೆ. ಕಚ್ಚಾ ಸೇರು ಪಕ್ಕಾ ಸೇರುಗಳ ವ್ಯತ್ಯಾಸ, ಅಕ್ಕಿ ಅಷ್ಟೇ ಎಂದೆ. ನಕ್ಕರು. ಮರುದಿನ ಅಂಗಡಿಗೆ ಹೋಗಿ ಇನ್ನೊಂದು ಡಿಸ್ಕನ್ನು ತಂದು ಅದರಲ್ಲೂ ಹಾಡುಗಳನ್ನು ತುಂಬಿದರು. ಕ್ಯಾಸೆಟ್ಟುಗಳ ಟ್ರಂಕು ಇಂದಿಗೂ ಅವರ ಅಟ್ಟದ ಮೇಲಿದೆ.